ಅತಿಥಿಯಾಗಿದ್ದ ರಾಜಾ ರಾಮಮೋಹನರಾಯರು

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಪಟ್ಟಣಗಳಲ್ಲಿ ಈಚೆಗೆ ಒಂದು ಹೊಸ ಸಡಗರವು ಕಾಣಬರುತ್ತಿದೆ. ಹಿಂದೆ ರಜೆಯಲ್ಲಿ ಮಕ್ಕಳು ಅಜ್ಜಿಯ ಊರಿಗೆ ಹೊರಡುತ್ತಿದ್ದರು. ಈಗ ಅನುಕೂಲವಂತರ ಮಕ್ಕಳು ಸಮುದ್ರದಾಚೆಯ ದೇಶಗಳಿಗೆ ಹೊರಟು, ಹೋಟೆಲುಗಳಲ್ಲಿ ಇಳಿಯದೆ, ಅಲ್ಲಿಯ ಗೃಹಸ್ಥರ ಮನೆಗಳಲ್ಲಿಯೇ ತಿಂಗಳೊಪ್ಪತ್ತು ಉಳಿದು, ಆ ಜನರ ನಡೆನುಡಿಗಳನ್ನು ಕಣ್ಣಾರೆ ಕಂಡು ಬರುವ ಪದ್ಧತಿಯು ಬಳಕೆಗೆ ಬಂದಿದೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತಿನಲ್ಲಿ ನಂಬಿಕೆಯುಳ್ಳ ನಾವು ಇದನ್ನು ಬೇಡವೆನ್ನುವವರಲ್ಲ. ಆದರೆ ಕಳೆದ ವಾರ ನಮ್ಮ ಕಚೇರಿಗೆ ದಯಮಾಡಿಸಿದ್ದ ನಿವೃತ್ತ ಅಧಿಕಾರಿಗಳೊಬ್ಬರು ತಮ್ಮ ಮೊಮ್ಮಗನನ್ನೂ ಜೊತೆಗೆ ಕರೆತಂದು ನಮ್ಮ ಮುಂದೆ ಒಂದು ವ್ಯಾಜ್ಯವನ್ನೇ ಇಟ್ಟರು. ಹುಡುಗನು ಆರು ವಾರಗಳ ಮಟ್ಟಿಗೆ ಇಂಗ್ಲೆಂಡಿನ ಒಂದು ಕುಟುಂಬದಲ್ಲಿ ಇರಲು ಹೊರಟಿದ್ದಾನೆ. ಮನೆಯಲ್ಲಿ ಕಲಿತ ನಡವಳಿಕೆಯನ್ನೆಲ್ಲ ಅವನು ಅಲ್ಲಿಯೇ ಕಳಚಿಟ್ಟು ಬರುವನೆಂದು ತಾತನವರ ಭಯ. ಅವರು ಬಡಿಸಿದ್ದನ್ನು ಒಲ್ಲೆನೆಂದರೆ, ಅವರಂತೆ ಉಡದಿದ್ದರೆ, ಒರಟನೆನ್ನಿಸಿಕೊಳ್ಳಬೇಕಾಗುವುದೆಂದು ಮೊಮ್ಮಗನ ಭಯ. ತೀರ್ಪು ಹೇಳಬೇಕೆಂದು ಇಬ್ಬರೂ ನಮ್ಮನ್ನು ಕೇಳಿದರು.

ಇಂತಹ ವಿಷಯದಲ್ಲಿ ನಾವು ಉಪದೇಶಕ್ಕೆ ತೊಡಗುವುದಕ್ಕಿಂತ, ಇದೇ ಪ್ರಶ್ನೆಯನ್ನು ನಮಗಿಂತ ಎಷ್ಟೋ ಕಠಿನವಾದ ಕಾಲದಲ್ಲಿ ಎದುರಿಸಿದ ಮಹಾಪುರುಷರೊಬ್ಬರ ಚರಿತ್ರೆಯನ್ನು ನೆನೆಯುವುದು ಮೇಲೆಂದು ತೋರಿತು. ರಾಜಾ ರಾಮಮೋಹನರಾಯರು ಸಹಗಮನವನ್ನು ನಿಲ್ಲಿಸಲು ಹೋರಾಡಿದವರೆಂದು ಶಾಲೆಯ ಮಕ್ಕಳೂ ಬಲ್ಲರು. ಅವರು ಪರದೇಶದಲ್ಲಿ, ಪರರ ಮನೆಯಲ್ಲಿ, ಅತಿಥಿಯಾಗಿ ಬಾಳಿ ಅತಿಥಿಯಾಗಿಯೇ ಪ್ರಾಣಬಿಟ್ಟರೆಂಬುದನ್ನು ನೆನೆಯುವವರು ಕಡಿಮೆ. ಆ ಕಡೆಯ ಭಾಗವನ್ನೇ ನಾವಿಂದು ವಾಚಕರ ಮುಂದೆ ಸ್ವಲ್ಪ ವಿವರವಾಗಿ ಇಡುತ್ತೇವೆ.

ರಾಯರು 1772ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ರಾಧಾನಗರದಲ್ಲಿ ಬ್ರಾಹ್ಮಣ ಕುಲದಲ್ಲಿ ಹುಟ್ಟಿದರು. ಸಂಸ್ಕೃತ, ಪಾರಸಿ, ಅರಬ್ಬಿ ಭಾಷೆಗಳಲ್ಲಿ ಪಾರಂಗತರಾದ ಮೇಲೆ ಇಂಗ್ಲೀಷನ್ನು ಕಲಿತರು. ರಂಗಪುರದಲ್ಲಿ ಕಂದಾಯದ ಇಲಾಖೆಯಲ್ಲಿ ಕೆಲಸ ಮಾಡಿ, ಬಳಿಕ ಕಲ್ಕತ್ತೆಯಲ್ಲಿ ನೆಲೆಸಿ, ಏಕೇಶ್ವರೋಪಾಸನೆಯ ಪ್ರಚಾರಕ್ಕಾಗಿ 1828ರಲ್ಲಿ ಬ್ರಹ್ಮಸಭೆಯನ್ನು ಸ್ಥಾಪಿಸಿದರು. ಅವರ ವರ್ಷಾಂತರಗಳ ಹೋರಾಟದ ತರುವಾಯ 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕನು ಸಹಗಮನವನ್ನು ಶಾಸನದಿಂದ ನಿಷೇಧಿಸಿದನು. ಪತ್ರಿಕೋದ್ಯೋಗಿಗಳಾದ ನಮಗೆ ಅವರ ಮೇಲೆ ಇನ್ನೊಂದು ವಿಶೇಷಾಭಿಮಾನವುಂಟು. ಬಂಗಾಳಿಯಲ್ಲಿ ಸಂವಾದ ಕೌಮುದಿಯನ್ನೂ ಪಾರಸಿಯಲ್ಲಿ ಮಿರಾತ್-ಉಲ್-ಅಖ್ಬಾರನ್ನೂ ಹೊರಡಿಸಿದ ಅವರು, 1823ರಲ್ಲಿ ಸರ್ಕಾರದ ಅಪ್ಪಣೆಚೀಟಿಯಿಲ್ಲದೆ ಪತ್ರಿಕೆ ನಡೆಸಕೂಡದೆಂಬ ಕಟ್ಟಳೆ ಬಂದಾಗ, ಅಪ್ಪಣೆಗಾಗಿ ಕೈಚಾಚುವುದಕ್ಕಿಂತ ಪತ್ರಿಕೆಯನ್ನು ನಿಲ್ಲಿಸುವುದೇ ಮಾನವೆಂದು ತಮ್ಮ ಪಾರಸಿ ಪತ್ರಿಕೆಯನ್ನು ಮುಚ್ಚಿಬಿಟ್ಟರು. ತಮ್ಮ ಮಾನದ ಗಡಿಯು ಎಲ್ಲಿದೆಯೆಂಬುದನ್ನು ಅರಿತವರು ಅವರು.

ಅವರು ಸೀಮೆಗೆ ಹೊರಟದ್ದು ವಿನೋದಕ್ಕಲ್ಲ. ದಿಲ್ಲಿಯಲ್ಲಿ ಹೆಸರಿಗೆ ಮಾತ್ರ ಪಾದಶಹನಾಗಿದ್ದ ಎರಡನೆಯ ಅಕ್ಬರನು, ಕಂಪನಿಯವರು ತನಗೆ ಕೊಡಬೇಕಾದ ಹಣವನ್ನು ಸರಿಯಾಗಿ ಕೊಡುತ್ತಿಲ್ಲವೆಂದು ಇಂಗ್ಲೆಂಡಿನ ದೊರೆಯ ಬಳಿ ಅಹವಾಲು ಹೇಳಲು ರಾಯರನ್ನು ಆರಿಸಿ, ಅವರಿಗೆ ರಾಜಾ ಎಂಬ ಬಿರುದನ್ನಿತ್ತನು. ಸಹಗಮನ ನಿಷೇಧದ ವಿರುದ್ಧ ಪೂರ್ವಾಚಾರಪರರು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಕಳುಹಿಸಿದ್ದ ಮನವಿಗೆ ಅಲ್ಲಿ ಎದುರು ನಿಲ್ಲಬೇಕಾಗಿತ್ತು. ಕಂಪನಿಯ ಸನದು ಹೊಸದಾಗುವ ಕಾಲವೂ ಸಮೀಪಿಸಿದ್ದುದರಿಂದ, ನಮ್ಮ ಜನರ ಕಷ್ಟಗಳನ್ನು ಪಾರ್ಲಿಮೆಂಟಿನವರ ಕಿವಿಗೆ ಮುಟ್ಟಿಸುವ ಸಮಯವೂ ಅದೇ ಆಗಿತ್ತು. ಕಲ್ಕತ್ತೆಯ ಸರ್ಕಾರವು ಅವರ ಬಿರುದನ್ನೂ ಮಾನ್ಯಮಾಡಲಿಲ್ಲ, ದೌತ್ಯವನ್ನೂ ಮಾನ್ಯಮಾಡಲಿಲ್ಲ; ಖಾಸಗಿ ಮನುಷ್ಯನಾಗಿ ಬೇಕಾದರೆ ಹೋಗಬಹುದೆಂದಿತು. ಸಮುದ್ರವನ್ನು ದಾಟಿದವನು ಜಾತಿಯಿಂದ ಹೊರಗಾಗುವನೆಂಬ ನಿರ್ಬಂಧವು ಬಲವಾಗಿದ್ದ ಕಾಲ ಅದು. ನಮ್ಮ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿಯೂ ಅದಾದ ಬಹುಕಾಲದವರೆಗೆ ಈ ನಿರ್ಬಂಧವು ತಪ್ಪಿರಲಿಲ್ಲ. ಒಂದು ಕಡೆ ಸರ್ಕಾರದ ಅವಗಣನೆ, ಇನ್ನೊಂದು ಕಡೆ ಸ್ವಜನರ ಬಹಿಷ್ಕಾರದ ಭಯ. ಇವೆರಡರ ನಡುವೆ 1830ರ ನವೆಂಬರಿನಲ್ಲಿ ರಾಯರು ಅಲ್ಬಿಯನ್ ಎಂಬ ಹಡಗನ್ನು ಹತ್ತಿದರು. ರಾಜಾರಾಮನೆಂಬ ಸಾಕುಮಗನೂ, ರಾಮರತನ ಮುಖರ್ಜಿ, ರಾಮಹರಿದಾಸ ಎಂಬ ಪರಿಚಾರಕರೂ ಜೊತೆಗಿದ್ದರು.

ಹಡಗಿನಲ್ಲಿ ಅವರು ಪರರ ಪಂಕ್ತಿಯಲ್ಲಿ ಉಣ್ಣದೆ ತಮ್ಮ ಕೊಠಡಿಯಲ್ಲಿಯೇ ಊಟಮಾಡುತ್ತಿದ್ದರು. ಅಡಿಗೆಗೆ ಬೇರೆ ಸೌಕರ್ಯವಿಲ್ಲದೆ ಒಂದು ಮಣ್ಣಿನ ಒಲೆಯೇ ಗತಿಯಾಗಿತ್ತು. ಕಡಲು ಒಗ್ಗದೆ ಪರಿಚಾರಕರು ಕಾಯಿಲೆ ಬಿದ್ದು ಒಡೆಯರ ಕೊಠಡಿಯಲ್ಲಿಯೇ ಮಲಗಿಬಿಟ್ಟರು. ಅವರನ್ನು ಎಬ್ಬಿಸಿ ಕಳುಹಿಸಲು ರಾಯರಿಗೆ ಮನಸ್ಸು ಬರಲಿಲ್ಲ. ತಾವೇ ಇಕ್ಕಟ್ಟನ್ನು ಸಹಿಸಿಕೊಂಡರು. ಪರರ ಮನೆಯಲ್ಲಿ ಹೇಗಿರಬೇಕೆಂಬುದನ್ನು ನೋಡುವ ಮುಂಚೆ, ತಮ್ಮ ನೆಲೆಯಲ್ಲಿ ಪರರನ್ನು ಹೇಗೆ ಇಟ್ಟುಕೊಂಡರೆಂಬುದನ್ನು ನೋಡಬೇಕಾದ್ದರಿಂದ ಈ ಸಣ್ಣ ಸಂಗತಿಯನ್ನು ಹೇಳಿದೆವು. ದಾರಿಯಲ್ಲಿ ಕೇಪ್ ಪಟ್ಟಣದ ಬಂದರಿನಲ್ಲಿ ಬಿದ್ದು ಕಾಲಿಗೆ ಪೆಟ್ಟಾಯಿತು. ಅದೇ ಕುಂಟುಕಾಲಿನಲ್ಲಿಯೇ ಅಲ್ಲಿ ನಿಂತಿದ್ದ ಫ್ರೆಂಚ್ ಹಡಗಿನ ಮೇಲಿನ ತ್ರಿವರ್ಣ ಧ್ವಜವನ್ನು ಕಂಡು, ಸ್ವಾತಂತ್ರ್ಯದ ಗುರುತೆಂದು ವಂದಿಸಿ ಬಂದರು.

1831ರ ಏಪ್ರಿಲ್ 8ರಂದು ಹಡಗು ಲಿವರ್‌ಪೂಲನ್ನು ಮುಟ್ಟಿತು. ಆ ಊರಿನ ಗಣ್ಯ ವರ್ತಕರಾದ ವಿಲಿಯಂ ರಾಥ್‌ಬೋನರು ರಾಯರನ್ನು ತಮ್ಮ ಮನೆಯಲ್ಲಿಯೇ ಇಳಿದುಕೊಳ್ಳಬೇಕೆಂದು ಕರೆದರು. ರಾಯರು ಉಪಚಾರದಿಂದ ವಂದಿಸಿ, ಒಪ್ಪದೆ, ಹೋಟೆಲಿನಲ್ಲಿ ಬಿಡಾರ ಮಾಡಿದರು. ಯಾರ ಹಂಗಿಗೂ ಒಳಗಾಗದೆ ಸ್ವತಂತ್ರರಾಗಿರಬೇಕೆಂಬುದು ಅವರ ಇಚ್ಛೆಯಾಗಿತ್ತು. ಕಾರ್ಯಾರ್ಥಿಯಾಗಿ ಬಂದವನು ಬಂದ ದಿನವೇ ಒಬ್ಬರ ಅನ್ನದ ಋಣಕ್ಕೆ ಬೀಳಬಾರದೆಂದು ಅವರು ಎಣಿಸಿದ್ದರೆ ಅದು ಸಹಜವೇ ಎಂದು ನಾವು ತಿಳಿಯುತ್ತೇವೆ. ವಾಚಕರು ಈ ನಿರಾಕರಣೆಯನ್ನು ನೆನಪಿನಲ್ಲಿಡಬೇಕು. ಹೀಗೆ ಮೊದಲ ಆಹ್ವಾನವನ್ನೇ ಒಲ್ಲೆನೆಂದವರು ಎರಡೂವರೆ ವರ್ಷಗಳೊಳಗೆ ಒಂದು ಇಂಗ್ಲೀಷ್ ಕುಟುಂಬದ ಮನೆಯಲ್ಲಿ ಆ ಮನೆಯವರ ಕೈಯಲ್ಲಿಯೇ ಕಣ್ಣು ಮುಚ್ಚಿದರು.

ಮ್ಯಾಂಚೆಸ್ಟರಿನಲ್ಲಿ ಗಿರಣಿಗಳನ್ನು ನೋಡಹೋದಾಗ ಕೂಲಿಗಾರರೂ ಅವರ ಹೆಂಗಸರೂ ಕೆಲಸ ಬಿಟ್ಟು ಹಿಂದುಸ್ಥಾನದ ರಾಜನನ್ನು ಕಾಣಲು ಮುತ್ತಿಕೊಂಡರು. ಲಂಡನ್ನಿನಲ್ಲಂತೂ ಜನರ ಜಾತ್ರೆಯೇ ನೆರೆಯಿತು. ವೃದ್ಧ ತತ್ತ್ವಜ್ಞಾನಿ ಜೆರೆಮಿ ಬೆಂಥಾಮನು ತಾನಾಗಿಯೇ ಅವರ ಬಿಡಾರವನ್ನು ಹುಡುಕಿಕೊಂಡು ಬಂದನು. 1831ರ ಜುಲೈ 6ರಂದು ಕಂಪನಿಯ ಡೈರೆಕ್ಟರುಗಳು ಅವರಿಗೆ ಔತಣ ಮಾಡಿದರು. ಸುತ್ತಲಿನವರು ಮದ್ಯಮಾಂಸಗಳ ಮೃಷ್ಟಾನ್ನವನ್ನು ಸವಿಯುತ್ತಿರಲು ಔತಣದ ಮುಖ್ಯ ಅತಿಥಿಯು ಅನ್ನವನ್ನುಂಡು ತಣ್ಣೀರು ಕುಡಿದು ತೃಪ್ತನಾದನು. ಆ ಕಾರಣದಿಂದ ಅವರ ಮೇಲಿನ ಗೌರವವು ಕೂದಲೆಳೆಯಷ್ಟಾದರೂ ಕುಗ್ಗಿದುದು ಕಾಣದು. ಸೆಪ್ಟೆಂಬರ್ 8ರಂದು ನಾಲ್ಕನೆಯ ವಿಲಿಯಂ ದೊರೆಯ ಪಟ್ಟಾಭಿಷೇಕದಲ್ಲಿ ಅವರಿಗೆ ಪರರಾಜ್ಯಗಳ ರಾಯಭಾರಿಗಳ ನಡುವೆ ಆಸನ ದೊರೆಯಿತು. ಕಲ್ಕತ್ತೆಯಲ್ಲಿ ಸಿಕ್ಕದ ಮರ್ಯಾದೆ ಲಂಡನ್ನಿನಲ್ಲಿ ಸಿಕ್ಕಿತು.

ಆದರೆ ಮರ್ಯಾದೆಗೆ ವೆಚ್ಚವೂ ಇದೆ. ರಾಯಭಾರಿಯ ಅಂತಸ್ತಿಗೆ ತಕ್ಕಂತೆ ಇರಬೇಕೆಂಬ ಸಲಹೆಗಾರರ ಮಾತಿಗೆ ಒಳಪಟ್ಟು ರಾಯರು ಕೆಲಕಾಲ ಸಿರಿವಂತರ ಬೀದಿಯಲ್ಲಿ ಭಾರಿಯ ಮನೆಯನ್ನು ಹಿಡಿದು ಆಡಂಬರದಿಂದಿದ್ದರು. ಪರಸ್ಥಳದಲ್ಲಿ ಇತರರ ಕಣ್ಣಿಗಾಗಿ ಬಾಳಹೊರಟವನ ಕೈ ಬಹುಬೇಗ ಬರಿದಾಗುವುದು. ಈ ಅಪಾಯವನ್ನು ಕಲ್ಕತ್ತೆಯಲ್ಲಿ ಕುಳಿತೇ ಊಹಿಸಿದವರು ಒಬ್ಬರಿದ್ದರು. ಅವರೇ ಡೇವಿಡ್ ಹೇರರು. ಗಡಿಯಾರದ ಕಸಬಿನಿಂದ ಬಂಗಾಳಕ್ಕೆ ಬಂದು, 1817ರಲ್ಲಿ ತೆರೆದ ಹಿಂದೂ ಕಾಲೇಜಿಗಾಗಿ ದುಡಿದು, ತಮ್ಮ ಸಂಪಾದನೆಯನ್ನೆಲ್ಲ ನಮ್ಮ ಮಕ್ಕಳ ವಿದ್ಯೆಗೆ ಸುರಿದ ಆ ಪುಣ್ಯಾತ್ಮರು ಲಂಡನ್ನಿನಲ್ಲಿದ್ದ ತಮ್ಮ ಸೋದರರಿಗೆ ಮೇಲಿಂದ ಮೇಲೆ ಕಾಗದ ಬರೆದು, ಅಪರಿಚಿತ ದೇಶದಲ್ಲಿ ಮಿತ್ರನಿಗೆ ಮೋಸವಾಗದಂತೆ ನೋಡಿಕೊಳ್ಳಬೇಕೆಂದು ಕೇಳಿಕೊಂಡರು. ಸೋದರರು ಒತ್ತಾಯಪಡಿಸಿದ ಮೇಲೆ ರಾಯರು ಬೆಡ್‌ಫರ್ಡ್ ಸ್ಕ್ವೇರಿನಲ್ಲಿದ್ದ ಹೇರ್ ಕುಟುಂಬದ ಮನೆಗೆ ಬಂದರು. ಆಡಂಬರವು ಅಲ್ಲಿಗೆ ಮುಗಿಯಿತು. ಒಂದು ಸಾದಾ ಸಾರೋಟು, ಆಳುಗಳು, ಬರಹೋಗುವ ಮಿತ್ರರು. ಇಷ್ಟರಲ್ಲಿ ಅವರ ಬಾಳು ಹಸನಾಯಿತು. ಇಂಗ್ಲೆಂಡಿನಲ್ಲಿ ಅವರಿಗೆ ಮನೆಯೆಂಬುದೊಂದು ದೊರೆತದ್ದು ಆಗಲೇ. ಅವರು ಅಲ್ಲಿ ವಾಸವಾಗಿದ್ದರೆಂದು ತಿಳಿಸುವ ಫಲಕವನ್ನು ಆ ಚೌಕದಲ್ಲಿ ಇಂದಿಗೂ ಕಾಣಬಹುದು.

ಅವರು ತಮ್ಮ ಉಡುಪನ್ನು ಬಿಡಲಿಲ್ಲ. ತಲೆಯ ಮೇಲೆ ರುಮಾಲು, ಹೆಗಲ ಮೇಲೆ ಶಾಲು. ಆ ವೇಷದಲ್ಲಿಯೇ ಪಾರ್ಲಿಮೆಂಟಿನವರನ್ನೂ ಪಂಡಿತರನ್ನೂ ಕಂಡರು. ಬ್ರಿಗ್ಸನೆಂಬ ಚಿತ್ರಕಾರನು ಬರೆದ ಅವರ ಚಿತ್ರವನ್ನು ನೋಡಿದವರಿಗೆ ಇದು ತಿಳಿದೇ ಇದೆ. ಆದರೆ ಅಲ್ಲಿಯ ಜನರಿಂದ ದೂರವಾಗಿಯೂ ಉಳಿಯಲಿಲ್ಲ. ಅವರ ಪ್ರಾರ್ಥನಾಮಂದಿರಗಳಿಗೆ ಹೋದರು, ನಾಟಕಶಾಲೆಗೆ ಹೋದರು. ಫ್ಯಾನಿ ಕೆಂಬಲ್ ಎಂಬ ಪ್ರಸಿದ್ಧ ನಟಿಯ ಆಟವನ್ನು ನೋಡಿ ಕಣ್ಣೀರಿಟ್ಟರು. ಆಕೆಗೆ ಕಾಳಿದಾಸನ ಶಾಕುಂತಲದ ಇಂಗ್ಲೀಷ್ ಅನುವಾದವನ್ನು ಕಳುಹಿಸಿಕೊಟ್ಟರು. ಅವರದನ್ನು ಮನಸಾರೆ ಸವಿದು ತಮ್ಮದನ್ನೂ ಅವರಿಗೆ ಕೊಡುವುದು ಅವರ ರೀತಿಯಾಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಇಂಗ್ಲೀಷರ ಮನೆಯಲ್ಲಿದ್ದುಕೊಂಡು ರಾಯರು ಇಂಗ್ಲೀಷರ ಆಡಳಿತದ ದೋಷಗಳನ್ನು ಬಯಲಿಗೆಳೆದರು. ಪಾರ್ಲಿಮೆಂಟಿನ ಸಮಿತಿಗೆ 1831ರಲ್ಲಿ ಬರೆದುಕೊಟ್ಟ ಹೇಳಿಕೆಗಳಲ್ಲಿ, ಜಮೀನ್ದಾರರ ಕೈಯಲ್ಲಿ ರೈತನು ಹಿಂಡಿಹೋಗುತ್ತಿರುವುದನ್ನು ತಿಳಿಸಿ, ಅವನ ಗೇಣಿ ತಗ್ಗಬೇಕೆಂದೂ, ನ್ಯಾಯ ಹೇಳುವ ಅಧಿಕಾರವೂ ಆಡಳಿತದ ಅಧಿಕಾರವೂ ಒಂದೇ ಕೈಯಲ್ಲಿರಬಾರದೆಂದೂ, ನಮ್ಮವರಿಗೆ ಹೆಚ್ಚಿನ ಉದ್ಯೋಗಗಳು ಸಲ್ಲಬೇಕೆಂದೂ ವಾದಿಸಿದರು. ಇದು ಉಂಡ ಮನೆಯ ಜಂತೆ ಎಣಿಸಿದಂತಾಗಲಿಲ್ಲವೆ? ಎಂದಿಗೂ ಇಲ್ಲ. ಅವರು ಉಂಡದ್ದು ಹೇರರ ಮನೆಯಲ್ಲಿ. ಜಂತೆ ಎಣಿಸಿದ್ದು ಕಂಪನಿಯ ಬಂಗಲೆಯದು. ಒಂದು ದೇಶದ ಮನೆಯೊಲೆಯು ಬೇರೆ, ಅದರ ಅಧಿಕಾರಪೀಠವು ಬೇರೆ. ಪೀಠದ ಮೇಲಿನ ಸಿಟ್ಟನ್ನು ಒಲೆಯ ಮೇಲೆ ತೀರಿಸಿಕೊಳ್ಳುವುದು ಅವಿವೇಕ. ಒಲೆಯ ಮೇಲಿನ ಪ್ರೀತಿಗಾಗಿ ಪೀಠದ ತಪ್ಪನ್ನು ಮುಚ್ಚುವುದು ದೇಶದ್ರೋಹ. ರಾಯರು ಎರಡನ್ನೂ ಮಾಡಲಿಲ್ಲ. ವಿದ್ಯಾವಂತರಾದ ಯುರೋಪಿಯನರು ನಮ್ಮ ದೇಶದಲ್ಲಿ ಬಂದು ನೆಲೆಸಿದರೆ ಒಳಿತಾಗುವುದೆಂದು ಅವರು ಎಣಿಸಿದ್ದರೆಂಬುದನ್ನೂ, ಆ ಅಭಿಪ್ರಾಯವನ್ನು ನಾವು ಒಪ್ಪಲಾರೆವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಸಜ್ಜನರ ಮನೆಗಳನ್ನು ಕಂಡವರು ಆ ಜಾತಿಯವರೆಲ್ಲ ಸಜ್ಜನರೆಂದು ತಿಳಿಯುವುದುಂಟು.

1832ರ ಬೇಸಗೆಯಲ್ಲಿ ಅವರು ಕಾದಿದ್ದ ಎರಡು ಕಾರ್ಯಗಳು ಕೈಗೂಡಿದವು. ಇಂಗ್ಲೆಂಡಿನ ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣಾ ಶಾಸನವು ಜೂನಿನಲ್ಲಿ ಜಾರಿಗೆ ಬಂದಿತು. ಅದು ಸೋತುಹೋದರೆ ಆ ದೇಶದ ಸಂಬಂಧವನ್ನೇ ಕಡಿದುಕೊಳ್ಳುವುದಾಗಿ ತಾವು ಬಹಿರಂಗವಾಗಿ ಹೇಳಿದ್ದುದನ್ನು, ಹಿಂದೆ ಯಾರ ಮನೆಗೆ ಹೋಗಲೊಲ್ಲದಿದ್ದರೋ ಅದೇ ರಾಥ್‌ಬೋನರಿಗೆ ಅವರು ಕಾಗದದಲ್ಲಿ ತಿಳಿಸಿದರು. ಜುಲೈ 11ರಂದು ಸಹಗಮನದ ಪರವಾದ ಮನವಿಯು ಪ್ರಿವಿ ಕೌನ್ಸಿಲಿನಲ್ಲಿ ವಜಾ ಆಯಿತು. ಬಳಿಕ ಅವರು ಫ್ರಾನ್ಸಿಗೆ ಹೋಗಿ ಲೂಯಿ ಫಿಲಿಪ್ ದೊರೆಯನ್ನು ಕಂಡು, 1833ರ ಆರಂಭದಲ್ಲಿ ಮತ್ತೆ ಹೇರರ ಮನೆಗೇ ಬಂದರು. ಅಷ್ಟರಲ್ಲಿ ಕಲ್ಕತ್ತೆಯಲ್ಲಿ ಅವರ ಹಣದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಕೋಠಿಯು ದಿವಾಳಿಯೆದ್ದಿತು. ಊರಿನಿಂದ ಬರುವ ಹಣ ನಿಂತಿತು. ಅರವತ್ತು ದಾಟಿದ ದೇಹ, ತಂಪುಸೀಮೆಯ ವಾಸ, ಬಿಡುವಿಲ್ಲದ ಬರೆವಣಿಗೆ, ಮೇಲೆ ಸಾಲದ ಚಿಂತೆ. ವಿಶ್ರಾಂತಿಯಿಲ್ಲದಿದ್ದರೆ ತಡೆಯದೆಂಬುದು ನೋಡಿದವರಿಗೆ ಸ್ಪಷ್ಟವಾಗಿತ್ತು.

ಬ್ರಿಸ್ಟಲ್ ಪಟ್ಟಣದ ಹತ್ತಿರ ಸ್ಟೇಪಲ್ಟನ್ ಗ್ರೋವ್ ಎಂಬ ತೋಟದ ಮನೆಯೊಂದಿತ್ತು. ತಂದೆತಾಯಿಗಳನ್ನು ಕಳೆದುಕೊಂಡಿದ್ದ ಮಿಸ್ ಕ್ಯಾಸಲ್ ಎಂಬ ತರುಣಿಯು ಅದರ ಒಡತಿ. ಅವಳ ಚಿಕ್ಕಮ್ಮ ಮಿಸ್ ಕಿಡೆಲ್ಲರೂ ಅಲ್ಲಿಯೇ ಇದ್ದರು. ಬ್ರಿಸ್ಟಲಿನ ಯೂನಿಟೇರಿಯನ್ ಪಂಥದ ಧರ್ಮಗುರು ಡಾಕ್ಟರ್ ಲ್ಯಾಂಟ್ ಕಾರ್ಪೆಂಟರರು ಆ ತರುಣಿಯ ಹಿತಚಿಂತಕರು, ರಾಯರ ಹಳೆಯ ಅಭಿಮಾನಿಗಳು. ರಜೆಯ ಕೆಲವು ವಾರಗಳನ್ನು ತಮ್ಮ ಮನೆಯಲ್ಲಿ ಕಳೆಯಬೇಕೆಂದು ಆ ಹೆಂಗಸರು ರಾಯರನ್ನು ಕರೆದರು. ಬಾಲಕ ರಾಜಾರಾಮನು ಮೊದಲೇ ಅಲ್ಲಿಗೆ ಹೋಗಿ ಆ ಮನೆಯ ಮಗುವಿನಂತಾಗಿದ್ದನು. ರಾಯರು ಮಾತ್ರ ವಾರದಿಂದ ವಾರಕ್ಕೆ ಪ್ರಯಾಣವನ್ನು ಮುಂದಕ್ಕೆ ಹಾಕುತ್ತ, ತಡವಾದುದಕ್ಕೆ ಕ್ಷಮೆ ಕೇಳುತ್ತ ಕಾಗದ ಬರೆಯುತ್ತಿದ್ದರು. ಇಂಡಿಯಾದ ಆಡಳಿತದ ಮಸೂದೆಯು ಪಾರ್ಲಿಮೆಂಟಿನಲ್ಲಿರುವವರೆಗೆ ಅವರು ಲಂಡನ್ನನ್ನು ಬಿಡಲೊಲ್ಲರು. 1833ರ ಆಗಸ್ಟ್ 28ರಂದು ಅದಕ್ಕೆ ದೊರೆಯ ಅಂಕಿತ ಬಿದ್ದಿತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ತೆಗೆದುಹಾಕುವ ಶಾಸನಕ್ಕೂ ಅದೇ ದಿನ ಅಂಕಿತವಾಯಿತು. ಆ ಬಳಿಕವೇ, ಸೆಪ್ಟೆಂಬರಿನ ಮೊದಲಲ್ಲಿ, ರಾಯರು ಸ್ಟೇಪಲ್ಟನ್ನಿಗೆ ಬಂದರು. ಮೂರು ವರ್ಷಗಳಲ್ಲಿ ಅವರು ತೆಗೆದುಕೊಂಡ ನಿಜವಾದ ರಜೆಯೆಂದರೆ ಇದೊಂದೇ ಎಂದು ನಮ್ಮ ಎಣಿಕೆ.

ಆ ಹತ್ತು ಹದಿನೈದು ದಿನಗಳು ಸುಖವಾಗಿ ಕಳೆದವು. ಹೊರಗೆ ಹುಲ್ಲುಗಾವಲು, ಎಲ್ಮ್ ಮರಗಳ ನೆರಳು. ಒಳಗೆ ಹಿತವಾದ ಮಾತು. ರಾಯರು ಲೂಯಿನ್ಸ್ ಮೀಡಿನಲ್ಲಿದ್ದ ಕಾರ್ಪೆಂಟರರ ಮಂದಿರಕ್ಕೆ ಹೋಗಿ ಪ್ರಾರ್ಥನೆಯಲ್ಲಿ ಕುಳಿತರು. ಸೆಪ್ಟೆಂಬರ್ 11ರಂದು ಊರಿನ ವಿದ್ವಾಂಸರನೇಕರು ಆ ಮನೆಯಲ್ಲಿ ನೆರೆದು ಇಂಡಿಯಾದ ಭವಿಷ್ಯವನ್ನೂ ಧರ್ಮವನ್ನೂ ಕುರಿತು ಅವರನ್ನು ಪ್ರಶ್ನಿಸಿದರು. ರಾಯರು ಸುಮಾರು ಮೂರು ಗಂಟೆಗಳ ಕಾಲ ನಿಂತುಕೊಂಡೇ ಉತ್ತರ ಕೊಟ್ಟರು. ದಣಿವಾರಿಸಿಕೊಳ್ಳಲು ಬಂದವರು ಕರೆದವರ ಮನಸ್ಸು ನೋಯದಂತೆ ಮತ್ತೆ ದಣಿದರು. ಕಾರ್ಪೆಂಟರರ ಮಗಳು ಮೇರಿಗೆ ಆಗ 26 ವಯಸ್ಸು. ಆಕೆ ಆ ಅತಿಥಿಯನ್ನು ಕಂಡಳು, ಅವರ ಮಾತನ್ನು ಕೇಳಿದಳು. ಈ ಹೆಸರನ್ನು ನಾವು ಮುಂದೆ ಮತ್ತೆ ಎತ್ತುವೆವು.

ಅದಾದ ಒಂದು ವಾರದಲ್ಲಿ ಜ್ವರ ಬಂದಿತು. ಎಸ್ಟ್ಲಿನ್, ಪ್ರಿಚರ್ಡ್, ಕ್ಯಾರಿಕ್ ಎಂಬ ಆ ಊರಿನ ಹೆಸರಾಂತ ವೈದ್ಯರು ನೋಡಿದರು. ತಲೆನೋವೂ ತಾಪವೂ ಏರಿದವು. ಮೆದುಳಿನ ಉರಿಯೂತವೆಂದು ತರುವಾಯ ತಿಳಿಯಿತು. ಹೇರ್ ಕುಟುಂಬದ ಹೆಣ್ಣುಮಗಳು ಹಗಲಿರುಳು ಆರೈಕೆಗೆ ನಿಂತಳು. ರಾತ್ರಿಯಲ್ಲಿ ಪರಸ್ತ್ರೀಯು ತಮ್ಮ ಕೊಠಡಿಯಲ್ಲಿರುವುದು ಉಚಿತವಲ್ಲವೆಂದು ರಾಯರು ಸಂಕೋಚಪಟ್ಟರು. ಆ ದೇಶದಲ್ಲಿ ರೋಗಿಯ ಬಳಿ ಹೆಂಗಸರು ಇರುವುದು ವಾಡಿಕೆಯೆಂದು ಎಸ್ಟ್ಲಿನ್ನರು ತಿಳಿಸಿದ ಮೇಲೆ ಒಪ್ಪಿದರು. ಸಾಯುವ ಹೊತ್ತಿನಲ್ಲಿಯೂ ತಮ್ಮ ಮರ್ಯಾದೆಯನ್ನು ಮರೆಯಲಿಲ್ಲ, ಅವರ ವಾಡಿಕೆಯನ್ನು ಹೀನವೆಂದೂ ಎಣಿಸಲಿಲ್ಲ. ಆಕೆ ಮಗಳಂತೆ ಅವರ ಶುಶ್ರೂಷೆ ಮಾಡಿದಳು. 1833ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ, ಹೊರಗೆ ಬೆಳುದಿಂಗಳು ಚೆಲ್ಲಿರಲು, ರಾಯರ ಉಸಿರು ನಿಂತಿತು. ರಾಜಾರಾಮನೂ, ಇಬ್ಬರು ಪರಿಚಾರಕರೂ, ಹೇರ್ ಮನೆಯವರೂ, ಸ್ಟೇಪಲ್ಟನ್ನಿನ ಆ ಇಬ್ಬರು ಹೆಂಗಸರೂ ಸುತ್ತಲಿದ್ದರು. ದೇಹವನ್ನು ನೋಡಿದಾಗ ಹೆಗಲ ಮೇಲೆ ಜನಿವಾರವಿತ್ತು.

ನಮ್ಮ ಕಥೆಯ ಸಾರವಿರುವುದು ಇನ್ನು ಮುಂದೆ. ಕ್ರೈಸ್ತರ ಶ್ಮಶಾನದಲ್ಲಿ, ಕ್ರೈಸ್ತ ವಿಧಿಯಿಂದ ತಮ್ಮ ಉತ್ತರಕ್ರಿಯೆ ನಡೆದರೆ, ಊರಿನಲ್ಲಿದ್ದ ಮಕ್ಕಳಾದ ರಾಧಾಪ್ರಸಾದ, ರಮಾಪ್ರಸಾದರಿಗೆ ಜಾತಿಭ್ರಷ್ಟತೆಯ ಆರೋಪ ಬಂದು, ಅವರ ಪಿತ್ರಾರ್ಜಿತದ ಹಕ್ಕಿಗೆ ಧಕ್ಕೆ ತಗಲಬಹುದೆಂದು ರಾಯರು ಹೇರರೊಡನೆ ಮೊದಲೇ ಹೇಳಿಕೊಂಡಿದ್ದರು. ಹಾಗಾದರೆ ಈ ದೇಹವನ್ನಿಡುವುದೆಲ್ಲಿ? ಆಗ ಮಿಸ್ ಕ್ಯಾಸಲಳು ತನ್ನ ಮನೆಯಂಗಳದ ಎಲ್ಮ್ ಮರಗಳ ಕೆಳಗಿನ ನೆಲವನ್ನೇ ಬಿಟ್ಟುಕೊಟ್ಟಳು. ಅತಿಥಿಗೆ ಮಲಗಲು ಕೊಠಡಿ ಕೊಟ್ಟವರುಂಟು, ಹಾಸಿಗೆ ಕೊಟ್ಟವರುಂಟು. ತಾನು ದಿನವೂ ತಿರುಗಾಡುವ ತೋಟದಲ್ಲಿಯೇ ಗೋರಿಗೆ ಜಾಗ ಕೊಟ್ಟ ಈ ತರುಣಿಯಂತಹವರು ಎಷ್ಟು ಮಂದಿ?

1833ರ ಅಕ್ಟೋಬರ್ 18ರ ಮಧ್ಯಾಹ್ನ ಸಮಾಧಿಯಾಯಿತು. ಮನೆಯವರು, ಮಿತ್ರರು, ಪರಿಚಾರಕರು ಗೋರಿಯ ಸುತ್ತ ನಿಂತರು. ಯಾರೂ ಮಂತ್ರ ಹೇಳಲಿಲ್ಲ, ಪ್ರಾರ್ಥನೆ ಹೇಳಲಿಲ್ಲ, ಭಾಷಣ ಮಾಡಲಿಲ್ಲ. ಮೌನದಲ್ಲಿಯೇ ಮಣ್ಣು ಹಾಕಿದರು. ಕಾರ್ಪೆಂಟರರು ವೃತ್ತಿಯಿಂದ ಧರ್ಮೋಪದೇಶಕರು. ರಾಯರ ಮೇಲೆ ತುಂಬು ಪ್ರೀತಿಯಿಟ್ಟವರು. ತಮ್ಮ ಮಂದಿರದಲ್ಲಿ ಕೆಲವೇ ದಿನಗಳ ಹಿಂದೆ ಅವರನ್ನು ಕುರಿತು ಉಪನ್ಯಾಸ ಮಾಡಿದ್ದವರು. ಇಷ್ಟು ದೊಡ್ಡ ಮನುಷ್ಯನನ್ನು ತಮ್ಮ ಮತದವನೆಂದು ಜಗತ್ತಿಗೆ ತೋರಿಸಿಕೊಳ್ಳುವ ಆಸೆಯು ಯಾವ ಉಪದೇಶಕನಿಗೆ ತಾನೆ ಇರದು? ಆದರೂ ಅತಿಥಿಯ ಗೋರಿಯ ಮುಂದೆ ಆ ಸಭೆಯು ಬಾಯಿ ತೆರೆಯಲಿಲ್ಲ. ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ನಮ್ಮ ಶಾಸ್ತ್ರಗಳು ವಿಧಿಸುತ್ತವೆ. ಆ ವಿಧಿಯನ್ನು ಓದದವರು ಅದನ್ನು ಸಂಪೂರ್ಣವಾಗಿ ನಡೆಸಿಕೊಟ್ಟರು. ಬಡಿಸುವುದು ಆತಿಥ್ಯದ ಆರಂಭ ಮಾತ್ರವೇ. ಅತಿಥಿಯನ್ನು ಅವನಂತೆಯೇ ಇರಗೊಡುವುದು, ಅವನು ಕಾಪಾಡಿಕೊಳ್ಳಲಾರದ ಸ್ಥಿತಿಗೆ ಬಂದಾಗ ಅವನ ಧರ್ಮವನ್ನು ತಾವು ಕಾಪಾಡುವುದು, ಆತಿಥ್ಯದ ಪೂರ್ಣತೆ.

ಹತ್ತು ವರ್ಷಗಳ ಮೇಲೆ, 1843ರಲ್ಲಿ, ರಾಯರ ಮಿತ್ರರಾದ ದ್ವಾರಕಾನಾಥ ಠಾಕೂರರ ಏರ್ಪಾಡಿನಿಂದ ಆ ಪೆಟ್ಟಿಗೆಯನ್ನು ಬ್ರಿಸ್ಟಲಿನ ಆರ್ನೋಸ್ ವೇಲ್ ಶ್ಮಶಾನಕ್ಕೆ ಸಾಗಿಸಿ, ಅದರ ಮೇಲೆ ನಮ್ಮ ದೇಶದ ಮಾದರಿಯ ಛತ್ರಿಯನ್ನು ಕಟ್ಟಿದರು. 1997ರಲ್ಲಿ ಬ್ರಿಸ್ಟಲಿನ ಕಾಲೇಜ್ ಗ್ರೀನಿನಲ್ಲಿ ರಾಯರ ಪ್ರತಿಮೆಯೂ ನಿಂತಿತು. ಆದರೆ ಕಲ್ಲಿಗಿಂತ ಹೆಚ್ಚಿನ ಸ್ಮಾರಕವೆಂದರೆ ಮೇರಿ ಕಾರ್ಪೆಂಟರಳ ಬಾಳು. ಆಕೆ ಬ್ರಿಸ್ಟಲಿನ ಬಡ ಮಕ್ಕಳಿಗಾಗಿ ಶಾಲೆಗಳನ್ನು ತೆರೆದಳು. ತಪ್ಪುದಾರಿ ಹಿಡಿದ ಹೆಣ್ಣುಮಕ್ಕಳನ್ನು ತಿದ್ದುವ ಶಾಲೆಯನ್ನು 1854ರಲ್ಲಿ ನಡೆಸತೊಡಗಿದಳು. ರಾಯರು ಇಂಗ್ಲೆಂಡಿನಲ್ಲಿ ಕಳೆದ ಕಡೆಯ ದಿನಗಳನ್ನು ಕುರಿತು 1866ರಲ್ಲಿ ಪುಸ್ತಕ ಪ್ರಕಟಿಸಿ, ಅದೇ ವರ್ಷ, ಅರವತ್ತರ ಹೊಸ್ತಿಲಿನಲ್ಲಿ, ತಾನೇ ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದಳು. ಒಟ್ಟು ನಾಲ್ಕು ಬಾರಿ ಬಂದು ಸ್ತ್ರೀಶಿಕ್ಷಣಕ್ಕಾಗಿಯೂ ಸೆರೆಮನೆಗಳ ಸುಧಾರಣೆಗಾಗಿಯೂ ದುಡಿದಳು. 26ರ ವಯಸ್ಸಿನಲ್ಲಿ ಕಂಡ ಒಬ್ಬ ಅತಿಥಿಯ ನೆನಪು ಮೂವತ್ತಮೂರು ವರ್ಷಗಳ ಬಳಿಕವೂ ಆರದೆ ಆಕೆಯನ್ನು ನಮ್ಮ ಬಾಗಿಲಿಗೆ ಕರೆತಂದಿತು. 1877ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ಆರ್ನೋಸ್ ವೇಲಿನಲ್ಲಿಯೇ ಇದೆ.

ಈಗ ತಾತನವರಿಗೂ ಮೊಮ್ಮಗನಿಗೂ ನಮ್ಮ ತೀರ್ಪು. ತಾತನವರು ಭಯಪಡಬೇಕಾದ್ದಿಲ್ಲ, ಹುಡುಗನಿಗೆ ತನ್ನದೆಂಬುದೊಂದನ್ನು ಮನೆಯಲ್ಲಿ ಕೊಟ್ಟಿದ್ದರೆ ಅದು ಆರು ವಾರಗಳಲ್ಲಿ ಕರಗಿಹೋಗುವುದಿಲ್ಲ. ಕೊಡದೆ ಇದ್ದರೆ ಅದನ್ನು ಕಳೆದವರು ಇಂಗ್ಲೀಷರಲ್ಲ. ಹುಡುಗನೂ ಹೆದರಬೇಕಾದ್ದಿಲ್ಲ. ಅನ್ನವನ್ನುಂಡು ನೀರು ಕುಡಿದ ಅತಿಥಿಯನ್ನು ಯಾರೂ ಒರಟನೆನ್ನಲಿಲ್ಲ. ಒಲ್ಲದುದನ್ನು ವಿನಯದಿಂದ ಒಲ್ಲೆನೆನ್ನಲಿ, ಒಪ್ಪುವುದನ್ನು ಮನಸಾರೆ ಒಪ್ಪಲಿ. ಅವರ ಬೀದಿಯ ಡೌಲಿಗೆ ಮರುಳಾಗದೆ ಅವರ ಮನೆಯ ಸ್ನೇಹವನ್ನು ಗಳಿಸಲಿ.

ಕಡೆಯದಾಗಿ ನಮ್ಮ ಪಟ್ಟಣಿಗರಿಗೂ ಒಂದು ಮಾತು. ಮಕ್ಕಳನ್ನು ಪರರ ಮನೆಗೆ ಕಳುಹಿಸುವ ನಾವು ಪರರ ಮಕ್ಕಳನ್ನು ನಮ್ಮ ಮನೆಗೆ ಹೇಗೆ ಬರಮಾಡಿಕೊಳ್ಳುತ್ತಿದ್ದೇವೆ? ದೂರದೇಶಗಳಿಂದಲೂ ಹೊರ ಪ್ರಾಂತಗಳಿಂದಲೂ ವಿದ್ಯಾರ್ಥಿಗಳು ನಮ್ಮ ಊರುಗಳಿಗೆ ಬರುತ್ತಾರೆ. ಅವರು ತಿನ್ನುವುದೇನು, ನಂಬುವುದೇನು, ಯಾವ ಜಾತಿಯವರು ಎಂದು ಹೊಸ್ತಿಲಲ್ಲಿಯೇ ವಿಚಾರಿಸಿ, ಬಾಡಿಗೆಗೆ ಕೊಠಡಿಯಿಲ್ಲವೆಂದು ಹಿಂದಿರುಗಿಸುವ ಮನೆಗಳು ನಮ್ಮಲ್ಲಿ ಇಲ್ಲವೆಂದು ಹೇಳಲು ನಮಗೆ ಧೈರ್ಯವಿಲ್ಲ. ನಮ್ಮ ದೇಶದ ಒಬ್ಬ ಹಿರಿಯನಿಗೆ ಸ್ಟೇಪಲ್ಟನ್ನಿನ ತರುಣಿಯೊಬ್ಬಳು ತನ್ನ ಅಂಗಳದ ನೆಲವನ್ನು ಕೊಟ್ಟಳು. ಆ ಋಣವು ಇನ್ನೂ ನಮ್ಮ ಲೆಕ್ಕದಲ್ಲಿ ಉಳಿದಿದೆ. ಅದನ್ನು ತೀರಿಸಲು ಸಮುದ್ರ ದಾಟಬೇಕಾದ್ದಿಲ್ಲ. ನಮ್ಮ ಬಾಗಿಲಿಗೆ ಬಂದವನನ್ನು ಒಳಗೆ ಕರೆದರೆ ಸಾಕು.